ಮನೆಮಂದಿಗೆಲ್ಲ ಒಂದೇ ಡಿಸ್ಕ್, ಒಬ್ಬೊಬ್ಬರಿಗೂ ಬೇರೆ ಖಾತೆ

ಫೋಟೊಗಳು ಒಬ್ಬರ ಫೋನಿನಲ್ಲಿ, ಮಕ್ಕಳ ಪ್ರಾಜೆಕ್ಟು ಲ್ಯಾಪ್‌ಟಾಪಿನಲ್ಲಿ, ಹಳೆಯ ದಾಖಲೆಗಳು ಯಾವುದೋ ಪೆನ್‌ಡ್ರೈವಿನಲ್ಲಿ. ಇವನ್ನೆಲ್ಲ ಒಂದೆಡೆ ತರುವ ಸಾಧನವೇ ನೆಟ್‌ವರ್ಕ್ ಸ್ಟೋರೇಜ್. ಬಳಸುವವರ ಬಾಯಲ್ಲಿ ‘ನ್ಯಾಸ್’. ರೌಟರ್‌ಗೆ ಜೋಡಿಸಿಡುವ ಪುಟ್ಟ ಕಂಪ್ಯೂಟರ್ ಇದು. ಒಳಗೆ ಒಂದೋ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್. ಪೆಟ್ಟಿಗೆಯ ಜೋಡಣೆ ಬೇಗ ಮುಗಿಯುತ್ತದೆ. ಯಾರು ಏನನ್ನು ನೋಡಬಹುದು, ಯಾರು ಅಳಿಸಬಹುದು ಎಂಬುದನ್ನು ಮೊದಲ ದಿನವೇ ತೀರ್ಮಾನಿಸಬೇಕು. ಅದು ಬಿಟ್ಟುಹೋದರೆ ಮುಂದೆ ಸರಿಪಡಿಸುವುದು ಕಷ್ಟ.

1. ಡಿಸ್ಕ್ ಮತ್ತು ಕೇಬಲ್

ಎರಡು ಡಿಸ್ಕ್ ಹಿಡಿಯುವ ಪೆಟ್ಟಿಗೆ ಸಾಮಾನ್ಯ ಮನೆಗೆ ಧಾರಾಳ. ಹಗಲಿರುಳೂ ಓಡಲೆಂದೇ ತಯಾರಾದ ಡಬ್ಲ್ಯುಡಿ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್‌ನಂಥ ಡಿಸ್ಕ್ ಕೊಳ್ಳಿ. ವಿವರದಲ್ಲಿ ‘ಸಿಎಂಆರ್’ (ಬರೆಹದ ಪಟ್ಟಿಗಳು ಬೇರೆಬೇರೆಯಾಗಿರುವ ಬಗೆ) ಎಂದಿದೆಯೇ ನೋಡಿ. ‘ಎಸ್‌ಎಂಆರ್’ ಡಿಸ್ಕ್‌ನಲ್ಲಿ ಬರೆಹದ ಪಟ್ಟಿಗಳು ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತವೆ. ಹಾಗಾಗಿ ಕೆಟ್ಟ ಡಿಸ್ಕ್ ಬದಲಿಸಿ ಡೇಟಾ ಮತ್ತೆ ತುಂಬಿಸುವಾಗ ಅದು ತೀರಾ ನಿಧಾನ.

ಪೆಟ್ಟಿಗೆಯನ್ನು ಲ್ಯಾನ್ ಕೇಬಲ್‌ನಿಂದಲೇ ರೌಟರ್‌ಗೆ ಜೋಡಿಸಿ. ಗಿಗಾಬಿಟ್ ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ವೇಗ ಸಿಗುತ್ತದೆ. ರೌಟರ್‌ನ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ) ಪುಟದಲ್ಲಿ ಇದಕ್ಕೊಂದು ಐಪಿ ವಿಳಾಸ ಕಾಯ್ದಿರಿಸಿ, 192.168.1.50 ಎಂದಿಟ್ಟುಕೊಳ್ಳೋಣ. ವಿಳಾಸ ಬದಲಾಗುತ್ತಿದ್ದರೆ ಮನೆಯವರೆಲ್ಲ ‘ಡ್ರೈವ್ ಕಾಣಿಸ್ತಿಲ್ಲ’ ಎನ್ನತೊಡಗುತ್ತಾರೆ.

2. ಮೊದಲ ಚಾಲನೆ

ಬ್ರೌಸರ್‌ನಲ್ಲಿ ಆ ವಿಳಾಸ ತೆರೆದರೆ ಸೆಟಪ್ ಶುರುವಾಗುತ್ತದೆ. ಡಿಸ್ಕ್‌ನಲ್ಲಿ ಮೊದಲೇ ಏನಾದರೂ ಇದ್ದರೆ ಅದು ಪೂರ್ತಿ ಅಳಿಸಿಹೋಗುತ್ತದೆ, ಎಚ್ಚರ. ಎರಡು ಡಿಸ್ಕ್ ಇದ್ದರೆ ‘ರೇಡ್ 1’ ಆರಿಸಿ: ಎರಡರಲ್ಲೂ ಒಂದೇ ಪ್ರತಿ ಇರುತ್ತದೆ, ಒಂದು ಕೆಟ್ಟರೂ ಕೆಲಸ ನಿಲ್ಲದು. 4 ಟಿಬಿಯ ಎರಡು ಡಿಸ್ಕ್ ಹಾಕಿದರೂ ಸಿಗುವುದು 4 ಟಿಬಿ ಜಾಗವೇ. ಪರದೆ 3.6 ಎಂದು ತೋರಿಸಿದರೆ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಯಂತ್ರ 1024ರ ಲೆಕ್ಕ ಹಿಡಿಯುತ್ತದೆ.

3. ಖಾತೆಗಳು

ತಯಾರಕರು ಕೊಟ್ಟ ‘ಅಡ್ಮಿನ್’ ಹೆಸರು ಜಗತ್ತಿಗೇ ಗೊತ್ತು. ಬೇರೆ ಹೆಸರಿನಲ್ಲಿ ಹೊಸ ಆಡಳಿತ ಖಾತೆ ಮಾಡಿ, ಗಟ್ಟಿ ಪಾಸ್‌ವರ್ಡ್ ಮತ್ತು ಎರಡು ಹಂತದ ದೃಢೀಕರಣ ಹಾಕಿ, ಹಳೆಯದನ್ನು ನಿಷ್ಕ್ರಿಯಗೊಳಿಸಿ. ಅತಿಥಿ ಖಾತೆಯೂ ಬೇಡ.

ಇನ್ನು ನಿಮಗೂ ಒಂದು ಸಾಮಾನ್ಯ ಖಾತೆ ಬೇಕು. ದಿನಬಳಕೆಗೆ ಅದೇ ಇರಲಿ. ಲ್ಯಾಪ್‌ಟಾಪಿಗೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶ) ಹೊಕ್ಕರೆ, ಅಲ್ಲಿ ಲಾಗಿನ್ ಆಗಿರುವ ಖಾತೆಗೆ ಎಲ್ಲೆಲ್ಲಿ ಬರೆಯುವ ಅನುಮತಿ ಇದೆಯೋ ಅಲ್ಲೆಲ್ಲ ಅದು ಕೈಯಾಡಿಸಬಲ್ಲದು. ಅನುಮತಿ ಎಷ್ಟು ಕಡಿಮೆಯೋ ನಷ್ಟವೂ ಅಷ್ಟೇ ಕಡಿಮೆ. ‘ಮನೆಯವರೇ ತಾನೆ, ಒಂದೇ ಪಾಸ್‌ವರ್ಡ್ ಸಾಕು’ ಎನ್ನುವವರಿಗೆ ನಾನು ಹೇಳುವುದು ಇದನ್ನೇ: ಖಾತೆ ಬೇರೆ ಮಾಡುವುದು ಯಾರ ಮೇಲೂ ಸಂಶಯಪಟ್ಟು ಮಾಡುವ ಕೆಲಸವಲ್ಲ.

ಅನುಮತಿಯನ್ನು ವ್ಯಕ್ತಿಗಳಿಗೆ ಕೊಡದೆ ಗುಂಪಿಗೆ ಕೊಡಿ. ‘ಹಿರಿಯರು’, ‘ಮಕ್ಕಳು’ ಎಂಬ ಎರಡು ಗುಂಪು ಸಾಕು. ಹೊಸಬರು ಬಂದರೆ ಗುಂಪಿಗೆ ಸೇರಿಸಿದರಾಯಿತು. ಬಳಿಕ ಫೋಲ್ಡರ್‌ಗಳು. ‘ದಾಖಲೆ’ ಹಿರಿಯರಿಗೆ ಮಾತ್ರ. ‘ಸಿನಿಮಾ’ದಲ್ಲಿ ಮಕ್ಕಳಿಗೆ ನೋಡುವ ಅನುಮತಿಯಷ್ಟೇ. ಫೋಟೊಗಳಿಗೆ ಎರಡು ಫೋಲ್ಡರ್ ಮಾಡುವುದು ನನಗೆ ಮೆಚ್ಚಿಗೆಯ ವ್ಯವಸ್ಥೆ. ‘ಹೊಸ ಫೋಟೊ’ದಲ್ಲಿ ಯಾರು ಬೇಕಾದರೂ ಹಾಕಬಹುದು. ‘ಆಲ್ಬಂ’ ಎಲ್ಲರೂ ನೋಡಬಹುದು, ಅದಕ್ಕೆ ಸಾಗಿಸುವ ಹೊಣೆ ಮನೆಯಲ್ಲಿ ಒಬ್ಬರದು. ಹೀಗಿದ್ದರೆ ವರ್ಷಗಳ ನೆನಪು ಯಾರದೋ ಒಂದು ಬೆರಳ ತಪ್ಪಿನಿಂದ ಅಳಿಸಿಹೋಗದು.

ಒಬ್ಬರನ್ನು ಎರಡು ಗುಂಪಿಗೂ ಸೇರಿಸಿದರೆ ಗೊಂದಲ. ಸಿನಾಲಜಿ ಕಂಪನಿಯ ನ್ಯಾಸ್ ಯಂತ್ರಗಳಲ್ಲಿ ‘ಪ್ರವೇಶವಿಲ್ಲ’ ಎಂಬ ಗುರುತೇ ಮಿಕ್ಕೆಲ್ಲವನ್ನೂ ಮೀರುತ್ತದೆ. ಕೆಲಸ ಮುಗಿದ ಮೇಲೆ ಮಕ್ಕಳ ಖಾತೆಯಿಂದ ನೀವೇ ಲಾಗಿನ್ ಆಗಿ, ಒಂದು ಸಿನಿಮಾ ಅಳಿಸಲು ಯತ್ನಿಸಿ. ಅಳಿಸಿತೆಂದರೆ ಅನುಮತಿ ಸರಿಯಿಲ್ಲ. (ಈ ಪರೀಕ್ಷೆಗೆ ಬೇಡದ ಫೈಲನ್ನೇ ಬಳಸಿ.)

4. ಕಂಪ್ಯೂಟರಿಗೆ ಜೋಡಣೆ

ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಒತ್ತಿ, \\192.168.1.50\ಆಲ್ಬಂ ಎಂದು ಕೊಡಿ. ಮ್ಯಾಕ್‌ನಲ್ಲಿ ಫೈಂಡರ್‌ನ ‘ಗೋ’ ಮೆನುವಿನಲ್ಲಿ ‘ಕನೆಕ್ಟ್ ಟು ಸರ್ವರ್’ ಇದೆ. ಒಂದೇ ನ್ಯಾಸ್ ವಿಳಾಸಕ್ಕೆ ಎರಡು ಬಳಕೆದಾರ ಹೆಸರಿನಿಂದ ಒಟ್ಟಿಗೆ ಹೋಗಲು ವಿಂಡೋಸ್ ಬಿಡುವುದಿಲ್ಲ. ಖಾತೆ ಬದಲಿಸಬೇಕಾದಾಗ ಹಳೆಯ ಜೋಡಣೆ ತೆಗೆದು, ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಉಳಿದ ಪಾಸ್‌ವರ್ಡ್ ಅಳಿಸಿ, ಸೈನ್ ಔಟ್ ಆಗಿ ಬನ್ನಿ.

ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ವಿಧಾನ ‘ಎಸ್‌ಎಂಬಿ’. ಅದರ ಹಳೆಯ ಆವೃತ್ತಿ ‘ಎಸ್‌ಎಂಬಿ 1’ ನ್ಯಾಸ್‌ನ ಆಯ್ಕೆಗಳಲ್ಲಿ ತೆರೆದಿದ್ದರೆ ಮುಚ್ಚಿಬಿಡಿ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ರಾನ್ಸಮ್‌ವೇರ್ ಹಬ್ಬಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ದೋಷದಿಂದಲೇ.

5. ಹೊರಗಿನ ಬಾಗಿಲು, ಬ್ಯಾಕಪ್

ಊರಿಂದಾಚೆಯೂ ಫೈಲ್ ಬೇಕೆಂದು ರೌಟರ್‌ನಲ್ಲಿ ಪೋರ್ಟ್ (ಇಂಟರ್ನೆಟ್‌ನಿಂದ ಒಳಬರುವ ದಾರಿ) ತೆರೆದಿಡಬೇಡಿ. 2022ರಲ್ಲಿ ‘ಡೆಡ್‌ಬೋಲ್ಟ್’ ರಾನ್ಸಮ್‌ವೇರ್ ಹೊಕ್ಕಿದ್ದು ಹೀಗೆ ಇಂಟರ್ನೆಟ್‌ಗೆ ನೇರ ತೆರೆದುಕೊಂಡಿದ್ದ ಕ್ಯುನ್ಯಾಪ್ ಕಂಪನಿಯ ನ್ಯಾಸ್ ಯಂತ್ರಗಳಿಗೆ. ವಿಪಿಎನ್ (ಮನೆಯ ನೆಟ್‌ವರ್ಕಿಗೆ ಸುರಕ್ಷಿತ ಖಾಸಗಿ ದಾರಿ) ಮೂಲಕ ಬನ್ನಿ.

ರೇಡ್ ಇದೆಯೆಂದು ನಿಶ್ಚಿಂತರಾಗಬಾರದು. ತಪ್ಪಿ ಅಳಿಸಿದ ಫೈಲ್ ಎರಡೂ ಡಿಸ್ಕ್‌ನಿಂದ ಒಟ್ಟಿಗೇ ಹೋಗುತ್ತದೆ. ಯಂತ್ರದಲ್ಲಿ ಸೌಲಭ್ಯವಿದ್ದರೆ ದಿನಕ್ಕೊಂದು ಸ್ನ್ಯಾಪ್‌ಶಾಟ್ (ಫೈಲುಗಳು ಆ ಹೊತ್ತಿಗಿದ್ದ ಸ್ಥಿತಿಯ ದಾಖಲು) ಇಡಿ. ವಾರಕ್ಕೊಮ್ಮೆ ಯುಎಸ್‌ಬಿ ಡಿಸ್ಕ್‌ಗೆ ಬ್ಯಾಕಪ್ ತೆಗೆದು, ಮುಗಿದೊಡನೆ ಅದನ್ನು ಕಳಚಿಡಿ. ತಿಂಗಳಿಗೊಂದು ಸಲ ಆ ಬ್ಯಾಕಪ್‌ನಿಂದ ಒಂದೆರಡು ಫೈಲ್ ಹೊರತೆಗೆದು, ತೆರೆಯುತ್ತವೆಯೇ ಎಂದು ನೋಡಿ.