ಮೊಬೈಲ್‌ಗೆ ಮನೆಯಲ್ಲೊಂದು ಜಾಗ ಗೊತ್ತುಮಾಡಿ

ಮನೆಯಲ್ಲಿ ಮೊಬೈಲ್ ಬಳಕೆ ಕಡಿಮೆಯಾಗಬೇಕು ಎಂದುಕೊಂಡವರು ಮೊದಲು ಆ್ಯಪ್‌ಗಳಿಗೆ ಟೈಮರ್ ಹಾಕುತ್ತಾರೆ. ನಿಜಕ್ಕೂ ಅದು ಕೊನೆಗೆ ಮಾಡುವ ಕೆಲಸ. ಫೋನು ಮನೆಯಲ್ಲಿ ಎಲ್ಲಿರಬೇಕು ಎಂಬುದೇ ತೀರ್ಮಾನವಾಗದಿದ್ದರೆ ಟೈಮರ್ ಹಾಕಿದವರೇ ಅದನ್ನು ತೆಗೆದುಹಾಕುತ್ತಾರೆ.

ಮೊದಲು ಒಂದು ವಾರ ಅಳೆಯಿರಿ

ಆಂಡ್ರಾಯ್ಡ್‌ನಲ್ಲಾದರೆ ಸೆಟ್ಟಿಂಗ್ಸ್‌ ಒಳಗೆ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನಿನಲ್ಲಾದರೆ ‘ಸ್ಕ್ರೀನ್ ಟೈಮ್’ ತೆರೆಯಿರಿ. ಒಟ್ಟು ತಾಸಿಗಿಂತ ಮುಖ್ಯವಾದ ಲೆಕ್ಕ ಎರಡು: ಫೋನನ್ನು ದಿನಕ್ಕೆ ಎಷ್ಟು ಸಲ ಎತ್ತಿಕೊಂಡಿರಿ, ಯಾವ ಆ್ಯಪ್ ಎಷ್ಟು ನೋಟಿಫಿಕೇಶನ್ ಕಳಿಸಿತು. ಯೂಟ್ಯೂಬ್‌ನಲ್ಲಿ ಯಕ್ಷಗಾನ ಹಚ್ಚಿಟ್ಟು ಅಡಿಕೆ ಸುಲಿಯುತ್ತ ಕೂತರೂ ಅಷ್ಟೂ ಹೊತ್ತು ಲೆಕ್ಕಕ್ಕೆ ಬೀಳುತ್ತದೆ, ಏಕೆಂದರೆ ದುಡ್ಡು ಕೊಡದ ಯೂಟ್ಯೂಬ್ ಪರದೆ ಆರಿದರೆ ನಿಲ್ಲುತ್ತದೆ. ಅದು ಕೇಳಿದ ಹೊತ್ತು, ನೋಡಿದ ಹೊತ್ತಲ್ಲ; ಕಳೆದುಬಿಡಿ. ಘಳಿಗೆಗೊಮ್ಮೆ ಫೋನು ಎತ್ತಿ ನೋಡುವವರಿಗೆ ನೋಟಿಫಿಕೇಶನ್ ಕಡಿತ ಬೇಕು. ಮಲಗಿಕೊಂಡು ರೀಲ್ಸ್ ನೋಡುವವರಿಗೆ ಚಾರ್ಜರಿನ ಜಾಗ ಬದಲಾಗಬೇಕು.

ಚಾರ್ಜರ್ ಜಗಲಿಗೆ

ಮಲಗುವ ಕೋಣೆಯ ಎಲ್ಲ ಚಾರ್ಜರ್‌ಗಳನ್ನೂ ಹೊರಗೆ ತನ್ನಿ. ಒಂದು ಉಳಿದರೂ ಎಲ್ಲರ ಫೋನೂ ಅಲ್ಲಿಗೇ ಹೋಗುತ್ತದೆ. ಜಗಲಿಯಲ್ಲೋ ನಡುಮನೆಯಲ್ಲೋ ಸಿಗ್ನಲ್ ಚೆನ್ನಾಗಿ ಸಿಗುವ ಮೂಲೆ ಹುಡುಕಿ, ಎದೆಮಟ್ಟದ ಗೂಡು ಅಥವಾ ಹಲಗೆಯ ಮೇಲೆ ಎಲ್ಲ ಫೋನಿಗೂ ಜಾಗ ಮಾಡಿ. ಹತ್ತಿರ ಕುರ್ಚಿ ಬೇಡ, ವೈರೂ ಗಿಡ್ಡ ಇರಲಿ. ನಿಂತೇ ಮಾತಾಡುವಂತಾದರೆ ಮಾತು ಬೇಗ ಮುಗಿಯುತ್ತದೆ. ರಿಂಗ್ ಮಾತ್ರ ಜೋರಾಗಿರಲಿ.

ಈ ಏರ್ಪಾಡು ಮುರಿದುಬೀಳುವುದು ಎರಡು ಕಾರಣಕ್ಕೆ: ಅಲಾರಂ ಮತ್ತು ಬೆಳಕು. ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿ ಟಾರ್ಚಿಗೆಂದು ಒಳಗೆ ಬಂದ ಫೋನು ಬೆಳಗಿನವರೆಗೂ ದಿಂಬಿನ ಪಕ್ಕದಲ್ಲೇ ಇರುತ್ತದೆ. ಹಾಸಿಗೆ ಹತ್ತಿರ ಒಂದು ಟಾರ್ಚು, ಒಂದು ಶೆಲ್ಲಿನ ಅಲಾರಂ ಗಡಿಯಾರ ಮೊದಲೇ ಇಟ್ಟಿರಿ.

ವೈಫೈ ಆರಿಸುವ ಮುನ್ನ

‘ರಾತ್ರಿ ರೂಟರ್ ಆಫ್ ಮಾಡಿಬಿಡಿ’ ಎಂಬ ಸಲಹೆ ಘಟ್ಟದ ಮೇಲಿನ ಅನೇಕ ಮನೆಗಳಿಗೆ ಒಗ್ಗುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಟವರ್ ಸಿಗದೆ, ಫೈಬರ್ ಸಂಪರ್ಕದ ಮೇಲೆ ‘ವೈಫೈ ಕಾಲಿಂಗ್’ ಮೂಲಕವೇ ಕರೆ ಬರುವ ಮನೆಗಳಿವೆ. ಅಲ್ಲಿ ರೂಟರ್ ಆರಿಸಿದರೆ ಆಸ್ಪತ್ರೆಯಿಂದ ಬರಬೇಕಾದ ಕರೆಯೂ ಬರುವುದಿಲ್ಲ. ಕಾರವಾರ ಪೇಟೆಯಲ್ಲಿ ಇದಕ್ಕೆ ಉಲ್ಟಾ: ವೈಫೈ ಆರಿದರೆ ಫೋನು ತಾನಾಗಿ ಮೊಬೈಲ್ ಡೇಟಾಕ್ಕೆ ಹೋಗುತ್ತದೆ, ರೀಲ್ಸ್ ಮುಂದುವರಿಯುತ್ತದೆ.

ಹಾಗಾಗಿ ರೂಟರ್ ಉರಿಯುತ್ತಿರಲಿ, ಮಕ್ಕಳ ಫೋನು, ಟ್ಯಾಬ್‌ಗಳನ್ನಷ್ಟೇ ತಡೆಯಿರಿ. ಲಾಗಿನ್ ವಿಳಾಸ ರೂಟರಿನ ಅಡಿಭಾಗದ ಚೀಟಿಯಲ್ಲಿರುತ್ತದೆ. ಒಳಹೊಕ್ಕು ‘ಪೇರೆಂಟಲ್ ಕಂಟ್ರೋಲ್’ ಇದೆಯೇ ನೋಡಿ. ಇದ್ದರೆ ಅಲ್ಲಿ ಮಗುವಿನ ಉಪಕರಣವನ್ನು ಆಯ್ಕೆ ಮಾಡಿ ರಾತ್ರಿ 9ರಿಂದ ಬೆಳಿಗ್ಗೆ 6 ಎಂದು ಸಮಯ ಕೊಡಿ. ಎಲ್ಲ ಸರಿ ಮಾಡಿಯೂ ತಡೆ ಕೆಲಸ ಮಾಡದಿದ್ದರೆ ಕಾರಣ ಹೆಚ್ಚಾಗಿ ಮ್ಯಾಕ್ ವಿಳಾಸ, ಅಂದರೆ ರೂಟರ್ ಪ್ರತಿ ಉಪಕರಣವನ್ನು ಗುರುತಿಸುವ ಸಂಖ್ಯೆ. ಈಚಿನ ಫೋನುಗಳು ವೈಫೈಗೆ ತಮ್ಮ ಅಸಲಿ ವಿಳಾಸದ ಬದಲು ಸುಳ್ಳು ವಿಳಾಸ ತೋರಿಸುತ್ತವೆ. ಆಂಡ್ರಾಯ್ಡ್‌ನಲ್ಲಿ ಮನೆಯ ವೈಫೈ ಹೆಸರಿನ ಮೇಲೆ ಒತ್ತಿ, ‘ಪ್ರೈವಸಿ’ಯಲ್ಲಿ ಫೋನಿನದೇ ಮ್ಯಾಕ್ ಬಳಸುವಂತೆ ಬದಲಿಸಿ. ಐಫೋನಿನಲ್ಲಿ ‘ಪ್ರೈವೇಟ್ ವೈಫೈ ಅಡ್ರೆಸ್’ ಆಫ್ ಮಾಡಿ.

ಸದ್ದು ಕಡಿತ

ಮಳೆಗಾಲದ ಬೆಳಿಗ್ಗೆ ಫೋನು ಹುಡುಕುವುದಕ್ಕೆ ಒಂದು ನ್ಯಾಯವಾದ ಕಾರಣವಿದೆ: ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟರೋ ಇಲ್ಲವೋ. ರಜೆ ನೋಡಲು ತೆರೆದ ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಗ್ರೂಪಿನ ಶುಭೋದಯ ಕಾದಿರುತ್ತದೆ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್‌ನಲ್ಲಿ ಗ್ರೂಪ್‌ಗಳ ಸದ್ದನ್ನು ‘ನನ್’ ಮಾಡಿ. ಶಾಲೆಯ ಗ್ರೂಪ್ ಒಂದಕ್ಕೆ ಮಾತ್ರ ಬೇರೆ ಸದ್ದು ಕೊಡಿ. ಅಡಿಕೆ ಧಾರಣೆಯ ಗ್ರೂಪಿಗೆ ಸದ್ದು ಬೇಡವೇ ಬೇಡ, ಸಂಜೆ ಒಮ್ಮೆ ನೋಡಿದರೆ ಸಾಕು. ಉಳಿದವನ್ನು ‘ಆರ್ಕೈವ್’ಗೆ ತಳ್ಳಿ.

ರಾತ್ರಿಗೆ ‘ಡು ನಾಟ್ ಡಿಸ್ಟರ್ಬ್’ ಹಾಕಿ, ನಕ್ಷತ್ರದ ಗುರುತು ಹಾಕಿದ ನಂಬರ್‌ಗಳಿಂದ ಮಾತ್ರ ಕರೆ ಬರುವಂತೆ ಮಾಡಿ. ಆಂಡ್ರಾಯ್ಡ್‌ನಲ್ಲಿ ‘ರಿಪೀಟ್ ಕಾಲರ್ಸ್’ ಕೂಡ ಆನ್ ಮಾಡಿ. 15 ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಸಲ ಬಂದ ಕರೆ ರಿಂಗಾಗುತ್ತದೆ.

ಈಗ ಟೈಮರ್

ಯೂಟ್ಯೂಬ್, ಇನ್‌ಸ್ಟಾಗ್ರಾಂ ಎರಡಕ್ಕೇ ಹಾಕಿ. ಮಧ್ಯರಾತ್ರಿಗೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ, ಹಾಗಾಗಿ 12 ಗಂಟೆವರೆಗೂ ಎಚ್ಚರವಿರುವವರನ್ನು ಟೈಮರ್ ತಡೆಯದು. ಯೂಟ್ಯೂಬ್‌ನ ‘ವಾಚ್ ಹಿಸ್ಟರಿ’ ಅಳಿಸಿ ಆಫ್ ಮಾಡುವುದು ಇದಕ್ಕಿಂತ ಪರಿಣಾಮಕಾರಿ: ಮುಖಪುಟದ ಶಿಫಾರಸುಗಳೇ ಮಾಯವಾಗುತ್ತವೆ, ಬೇಕಾದ್ದನ್ನು ಹುಡುಕಿಯೇ ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು ಬೋಟಿನವರು ಮನೆಯಲ್ಲೇ ಇರುತ್ತಾರಲ್ಲ, ಈ ಬದಲಾವಣೆ ಮಾಡಿನೋಡಲು ಅದು ಒಳ್ಳೆಯ ಕಾಲ.

ಮಕ್ಕಳಿಗಾದರೆ, ಅವರ ಫೋನ್ ಬಳಕೆಗೆ ಹೆತ್ತವರು ಮಿತಿ ಹಾಕಬಹುದಾದ ಗೂಗಲ್‌ನ ಆ್ಯಪ್ ‘ಫ್ಯಾಮಿಲಿ ಲಿಂಕ್’ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ವರ್ಷ ತುಂಬದ ಕೂಸಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿನೊಳಗೆ. ಅಪ್ಪನ ಫೋನು ಸಿಗದ ಮಗು ಅಜ್ಜಿಯ ಫೋನಿಗೆ ಹೋಗುವುದು ಖಂಡಿತ. ಅಜ್ಜಿಯ ಫೋನಿಗೆ ಬೆರಳಚ್ಚಿನ ಬೀಗ ಹಾಕಬೇಡಿ: ಕೆಲಸ ಮಾಡಿ ಸವೆದ ಬೆರಳನ್ನು ಅದು ಗುರುತಿಸದೆ ಅವರಿಗೇ ತೊಂದರೆ. ‘ಆ್ಯಪ್ ಲಾಕ್’ ಇರುವ ಫೋನಾದರೆ ಯೂಟ್ಯೂಬ್‌ಗೆ ಮತ್ತು ಬ್ರೌಸರಿಗೆ ಮಾತ್ರ ಪಿನ್ ಹಾಕಿ, ಕರೆಗೆ ಬೀಗವಿರದಂತೆ ಬಿಡಿ.