ಗಾಲ್ಫ್ ಕಲಿಯಬೇಕಾ? ಮೊದಲು ಆ ಡ್ರೈವರ್ ಕೆಳಗಿಡಿ

ಗಾಲ್ಫ್ ಚೆಂಡು ಹೊಡೆದು ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿಗೆ ಮೊದಲ ಸಲ ಬಂದ ಹೆಂಗಸರು ಯಾರು ಅಂತ ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಹಿಂದೆ ನಿಂತು ಪಾಠ ಹೇಳುವವರ ದನಿ ಕೇಳಿದರೆ ಸಾಕು. "ತಲೆ ಎತ್ತಬೇಡ, ಕೈ ನೆಟ್ಟಗಿಡು, ಜೋರಾಗಿ ಬೀಸು!" ಸಾಮಾನ್ಯವಾಗಿ ಅದು ಗಂಡನ ದನಿ, ಇಲ್ಲವೇ ಆಫೀಸಿನ ಯಾರೋ ಗೆಳೆಯನದ್ದು. ಆ ಹೆಣ್ಣುಮಗಳ ಕೈಯಲ್ಲಿ ಅವರದ್ದೇ ಡ್ರೈವರ್ ಇರುತ್ತದೆ. ಬ್ಯಾಗಿನಲ್ಲಿರುವ ಅತಿ ಉದ್ದದ, ಹೊಸಬರಿಗೆ ಅತಿ ಕಷ್ಟದ ಕ್ಲಬ್ ಅದು. ಅವಳು ಬೀಸುತ್ತಾಳೆ, ಚೆಂಡು ಇದ್ದಲ್ಲೇ ಇರುತ್ತದೆ. ಮತ್ತೆ ಬೀಸುತ್ತಾಳೆ, ಚೆಂಡು ನಾಲ್ಕು ಅಡಿ ಉರುಳುತ್ತದೆ. ಅರ್ಧ ಗಂಟೆಯಲ್ಲಿ "ಇದು ನನಗಲ್ಲ ಬಿಡಿ" ಅಂತ ಹೋದವರು ತಿರುಗಿ ಬರುವುದಿಲ್ಲ.

ಇದನ್ನು ನೋಡಿ ನೋಡಿ ಸಾಕಾಗಿ ಈ ಲೇಖನ ಬರೆಯುತ್ತಿದ್ದೇನೆ. ಗಾಲ್ಫ್ ಕಲಿಯುವುದು ಕಷ್ಟವಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಮುಕ್ಕಾಲು ಜನ ತಲೆಕೆಳಗಾಗಿ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಚೆಂಡು ಬೀಳಿಸಬೇಕಾದ ಗುಂಡಿಯ, ಅಂದರೆ ಹೋಲ್‌ನ ಪಕ್ಕದಿಂದ. ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಬರಬೇಕು.

(ಒಂದು ಗೊಂದಲ ಮೊದಲೇ ಬಗೆಹರಿಸುತ್ತೇನೆ. ಗಾಲ್ಫಿನಲ್ಲಿ ಹೊಡೆಯುವ ಕೋಲಿಗೂ ಕ್ಲಬ್ ಅಂತಾರೆ, ಆಡುವ ಜಾಗಕ್ಕೂ ಕ್ಲಬ್ ಅಂತಾರೆ. ಇಲ್ಲಿ ಕ್ಲಬ್ ಅಂದರೆ ಕೋಲು, ಆಡುವ ಜಾಗ ಅಂದರೆ ಕೋರ್ಸ್.)

ಹೆಜ್ಜೆ 1: ಏನೂ ಕೊಳ್ಳಬೇಡಿ

ನಿಜವಾಗಿ ಏನೂ ಬೇಡ. ಸಾಮಾನ್ಯ ಸ್ಪೋರ್ಟ್ಸ್ ಶೂ, ಭುಜ ಸಲೀಸಾಗಿ ತಿರುಗುವಂಥ ಟೀ ಶರ್ಟ್ ಸಾಕು. ಕ್ಲಬ್‌ಗಳು ಕೋಚ್ ಹತ್ತಿರ ಇರುತ್ತವೆ. ಕೊಳ್ಳಲೇಬೇಕು ಅನ್ನಿಸಿದರೆ ಒಂದು ಗ್ಲವ್ ತಗೊಳ್ಳಿ. ಬಲಗೈಯವರಾದರೆ ಎಡಗೈಗೆ, ಚರ್ಮಕ್ಕೆ ಅಂಟಿದಂತೆ ಬಿಗಿಯಾಗಿರಲಿ.

"ಮಹಿಳೆಯರ ಕಂಪ್ಲೀಟ್ ಸೆಟ್" ಅಂತ ಗುಲಾಬಿ ಬಣ್ಣದ ಬ್ಯಾಗ್ ಸಮೇತ ಮಾರುತ್ತಾರಲ್ಲ, ಅದರ ಬಗ್ಗೆ ನನಗೆ ಹಳೇ ಸಿಟ್ಟಿದೆ. ನಾನೂ ಒಂದು ಕೊಂಡಿದ್ದೆ. ನಾನು ಸ್ವಲ್ಪ ಎತ್ತರ, ಆ ಕ್ಲಬ್‌ಗಳು ಗಿಡ್ಡ. ಶಾಫ್ಟ್, ಅಂದರೆ ಕ್ಲಬ್ಬಿನ ದಂಡದ ಮೇಲೆ 'ಎಲ್' ಅಂತ ಅಚ್ಚು ಬೇರೆ. ಲೇಡೀಸ್ ಅಂತ ಅರ್ಥ, ಅಂದರೆ ಅತಿ ಮೆದುವಾಗಿ ಬಾಗುವ ಶಾಫ್ಟ್. ನಿಧಾನವಾಗಿ ಬೀಸುವವರಿಗೆ ಅದು ಸರಿ. ಆದರೆ ಹೆಣ್ಣು ಅಂದ ಮಾತ್ರಕ್ಕೆ ಬೀಸುವ ವೇಗ ಕಡಿಮೆ ಅಂತೇನಿಲ್ಲ. ಟೆನಿಸ್ ಆಡಿ ಬಂದ ಹುಡುಗಿಗೆ ಅದು ಸಾಲದು, ಅರವತ್ತು ದಾಟಿದ ಗಂಡಸಿಗೆ ಅದೇ ಸರಿಹೋಗಬಹುದು. ನಿಮ್ಮ ಎತ್ತರ, ವೇಗ, ಅಂಗೈ ಅಳತೆ ನೋಡಿ ಆರಿಸಬೇಕು, ಅದಕ್ಕೆ ಮೊದಲು ನಿಮಗೊಂದು ಸ್ವಿಂಗ್ (ನಿಮ್ಮದೇ ಬೀಸುವ ರೀತಿ) ಇರಬೇಕು, ಅಲ್ವಾ? ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್ ಇಟ್ಟುಕೊಳ್ಳಬಹುದು. ಹೊಸಬರಿಗೆ ಐದಾರು ಧಾರಾಳವಾಯ್ತು: ಪಟರ್ (ಚೆಂಡನ್ನು ಹೋಲಿಗೆ ಉರುಳಿಸಲು), ಸ್ಯಾಂಡ್ ವೆಡ್ಜ್ (ಮರಳಿನಿಂದ ಹೊಡೆಯಲು), ಓರೆ ಮುಖದ ಲೋಹದ ಕ್ಲಬ್‌ಗಳಾದ 9 ಐರನ್, 7 ಐರನ್, ಅವಕ್ಕಿಂತ ದೂರ ಹೊಡೆಯುವ ಒಂದು ಹೈಬ್ರಿಡ್. ಅದೂ ಆಮೇಲೆ.

ಹೆಜ್ಜೆ 2: ಕೋಚ್ ಹುಡುಕಿ, ಮನೆಯವರನ್ನಲ್ಲ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಡ್ರೈವಿಂಗ್ ರೇಂಜಿನಲ್ಲಿ ಶುರುವಾದ ಜಗಳ ಅದಕ್ಕಿಂತ ಜಾಸ್ತಿ ದಿನ ಬಾಳುತ್ತದೆ. ಚೆನ್ನಾಗಿ ಆಡುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ. ತಮ್ಮ ತಪ್ಪಿಗೆ ತಾವು ಕಂಡುಕೊಂಡ ಮದ್ದನ್ನೇ ನಿಮಗೂ ಕುಡಿಸುತ್ತಾರೆ, ನಿಮ್ಮ ಕಾಯಿಲೆ ಬೇರೆಯೇ ಇರುತ್ತದೆ.

ದುಡ್ಡು ಕಟ್ಟುವ ಮುಂಚೆ ಕೋಚ್ ಬೇರೆಯವರಿಗೆ ಕಲಿಸುವುದನ್ನು ಹತ್ತು ನಿಮಿಷ ದೂರದಿಂದ ನೋಡಿ. ಎಷ್ಟು ಮಾತಾಡುತ್ತಾರೆ, ಕಲಿಯುವವರು ಎಷ್ಟು ಹೊಡೆಯುತ್ತಾರೆ? ಮಾತೇ ಜಾಸ್ತಿಯಾಗಿದ್ದರೆ ಬೇಡ. ಒಂದೇ ಗಂಟೆಯಲ್ಲಿ ಐದು ವಿಷಯ ತಿದ್ದುವವರೂ ಬೇಡ. ಕೈ ಭುಜ ಹಿಡಿದು ಸರಿಮಾಡುವ ಮುಂಚೆ "ಮುಟ್ಟಲಾ?" ಅಂತ ಕೇಳಬೇಕು. ಕೇಳದಿದ್ದರೆ ನೀವೇ ಹೇಳಿ, ಮುಜುಗರ ಬೇಡ. ಕ್ಲಬ್ಬಿನ ತುದಿಯಿಂದ ತೋರಿಸಿಯೂ ಎಲ್ಲ ತಿದ್ದಬಹುದು.

ನನ್ನ ಕೇಳಿದರೆ, ಮೊದಲ ನಾಲ್ಕೈದು ಪಾಠ ಗುಂಪಿನಲ್ಲಿ ಮಾಡಿ. ಪಕ್ಕದವರಿಗೂ ಚೆಂಡು ತಾಗುತ್ತಿಲ್ಲ ಅಂತ ಕಂಡರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಒಬ್ಬರೇ ಕಲಿಯುವ ಪಾಠ ಆಮೇಲೆ ತಗೊಳ್ಳಿ.

ಹೆಜ್ಜೆ 3: ಪಟಿಂಗ್ ಗ್ರೀನ್

ಹೋಲಿನ ಸುತ್ತಲಿನ ನುಣುಪು ಹುಲ್ಲಿನ ಜಾಗ ಗ್ರೀನ್, ಅಲ್ಲಿ ಚೆಂಡನ್ನು ಹೋಲಿನ ಕಡೆಗೆ ಮೆಲ್ಲಗೆ ಉರುಳಿಸುವುದು ಪಟಿಂಗ್. ಲೆಕ್ಕ ನೋಡಿ. 18 ಹೋಲ್ ಇರುವ ಪಾರ್ 72 (ನುರಿತವರು 72 ಹೊಡೆತದಲ್ಲಿ ಮುಗಿಸಬೇಕಾದ) ಕೋರ್ಸಿನಲ್ಲಿ ಹೋಲಿಗೆ ಎರಡರಂತೆ 36 ಹೊಡೆತ ಪಟ್‌ಗೇ ಮೀಸಲು. ಡ್ರೈವರ್ ಹೊರಬರುವುದು ಹೆಚ್ಚೆಂದರೆ 14 ಸಲ. ಹೋಲಿನ ಅಗಲ 108 ಮಿಲಿಮೀಟರ್, ಚೆಂಡಿನದ್ದು ಸುಮಾರು 43, ಅಂದರೆ ಎರಡು ಚೆಂಡು ಪಕ್ಕಪಕ್ಕ ಇಟ್ಟರೂ ಜಾಗ ಉಳಿಯುತ್ತದೆ. ಮೂರು ಅಡಿಯಿಂದ ಶುರು ಮಾಡಿ. ಹತ್ತರಲ್ಲಿ ಏಳು ಬಿದ್ದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಇದನ್ನು ಹೇಳುವಾಗ ಒಂದು ಅಳುಕಿದೆ. 1867ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಹೆಂಗಸರು ತಮ್ಮದೇ ಗಾಲ್ಫ್ ಸಂಘ ಕಟ್ಟಿಕೊಂಡಾಗ ಅವರ ಪಾಲಿಗೆ ಸಿಕ್ಕಿದ್ದು ಪಟಿಂಗ್ ಮಾತ್ರ. ಹೆಂಗಸರು ಭುಜದ ಮೇಲೆ ಕೈ ಎತ್ತಿ ಬೀಸುವುದು ಆಗ ಮರ್ಯಾದೆಯಲ್ಲ. ಅದೇ ಊರಿನ ದೊಡ್ಡ ಸಂಸ್ಥೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2014ರಲ್ಲಿ! ಹಾಗಾಗಿ "ಪಟಿಂಗಿನಿಂದ ಶುರು ಮಾಡಿ" ಅಂದರೆ "ನಿಮಗೆ ಅಷ್ಟೇ ಸಾಕು" ಅಂತ ಕೇಳಿಸಬಾರದು. ಗಂಡಸರಿಗೂ ನಾನು ಹೇಳುವುದು ಇದನ್ನೇ, ಅವರು ಕೇಳುವುದಿಲ್ಲ ಅಷ್ಟೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಬರೀ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ತುಂಬಾ ದೂರ ಹೊಡೆದು ಅಲ್ಲ, ಪಟರ್ ಹಿಡಿದು ಅಲ್ಲಿಗೆ ಹೋದವರು ಅವರು.

ಹೆಜ್ಜೆ 4: ಗ್ರಿಪ್ (ಇಲ್ಲಿ ನಿಧಾನ ಮಾಡಿ)

ಎಲ್ಲರೂ ಎರಡು ನಿಮಿಷದಲ್ಲಿ ಮುಗಿಸುವ, ಆಮೇಲೆ ಎರಡು ವರ್ಷ ಒದ್ದಾಡುವ ಹೆಜ್ಜೆ ಇದು. ಉಂಗುರ ತೆಗೆದಿಡಿ, ಒತ್ತಿದರೆ ಗಾಯವಾಗುತ್ತದೆ. ಉಗುರು ಉದ್ದ ಇದ್ದರೆ ಬೆರಳ ತುದಿ ತೆರೆದಿರುವ ಗ್ಲವ್ ಸಿಗುತ್ತದೆ. ಕೆಳಗಿನದೆಲ್ಲ ಬಲಗೈಯವರಿಗೆ. ಎಡಚರು ಅದಲುಬದಲು ಮಾಡಿಕೊಳ್ಳಿ.

ಕೈ ಇಡುವ ಮುಂಚೆ ಕ್ಲಬ್ಬಿನ ಮುಖ ನೇರ ಮಾಡಿ. ಹೊಡೆಯುವ ಭಾಗದ ಕೆಳ ಅಂಚು ಗುರಿಗೆ ಅಡ್ಡವಾಗಿ ನಿಲ್ಲಬೇಕು. ಬಹಳಷ್ಟು ಜನ ಮೊದಲು ಹಿಡಿದು, ಆಮೇಲೆ ಮಣಿಕಟ್ಟು ತಿರುಚಿ ಮುಖ ನೇರ ಮಾಡುತ್ತಾರೆ. ಬೀಸುವಾಗ ಮಣಿಕಟ್ಟು ತನ್ನ ಜಾಗಕ್ಕೆ ವಾಪಸ್ ಹೋಗುತ್ತದೆ, ಮುಖ ಮತ್ತೆ ಸೊಟ್ಟ.

ಈಗ ಎಡಗೈಯನ್ನು ಸುಮ್ನೆ ಪಕ್ಕಕ್ಕೆ ಜೋತುಬಿಟ್ಟು ನೋಡಿ. ಅಂಗೈ ಪೂರ್ತಿ ತೊಡೆಗೆ ಎದುರಾಗಿ ಇರುವುದಿಲ್ಲ, ಸ್ವಲ್ಪ ಹಿಂದಕ್ಕೆ ತಿರುಗಿರುತ್ತದೆ. ಅದೇ ಓರೆಯಲ್ಲೇ ಕೈಯನ್ನು ಕ್ಲಬ್ಬಿಗೆ ತನ್ನಿ. ಕ್ಲಬ್ಬಿನ ಹಿಡಿ ಕೂರಬೇಕಾದ್ದು ಬೆರಳುಗಳಲ್ಲಿ: ಕಿರುಬೆರಳಿನ ಬುಡದಿಂದ ಹೊರಟು ತೋರುಬೆರಳಿನ ನಡುಗೆಣ್ಣಿನವರೆಗೆ ಓರೆಯಾಗಿ. ತುಂಬಿದ ಬಕೆಟ್ ಎತ್ತುವಾಗ ಹಿಡಿಕೆ ಎಲ್ಲಿ ಕೂರುತ್ತದೋ ಸುಮಾರು ಅಲ್ಲಿ. ಅಂಗೈ ಮಧ್ಯೆ ಇಟ್ಟು ಮುಷ್ಟಿ ಕಟ್ಟಿದರೆ ಮಣಿಕಟ್ಟು ಸೆಟೆದುಕೊಳ್ಳುತ್ತದೆ, ಕ್ಲಬ್ ಬೀಸಲು ಬರುವುದಿಲ್ಲ, ತಳ್ಳಬೇಕಾಗುತ್ತದೆ.

ಪರೀಕ್ಷೆ ಮಾಡುವುದು ಸುಲಭ. ತೋರುಬೆರಳನ್ನು ಕೊಕ್ಕೆಯಂತೆ ಕೆಳಗೆ ಕೊಟ್ಟು, ಕಿರುಬೆರಳ ಕಡೆಯ ಅಂಗೈ ದಿಂಡನ್ನು ಹಿಡಿಯ ಮೇಲಿಟ್ಟು, ಉಳಿದ ಮೂರು ಬೆರಳು ಬಿಡಿ. ಕ್ಲಬ್ ಬೀಳದೆ ನಿಂತರೆ ಸರಿಯಾಗಿದೆ. ಆ ಮೂರು ಬೆರಳು ಮುಚ್ಚಿ. ಹೆಬ್ಬೆರಳು ಹಿಡಿಯ ನೆತ್ತಿಯ ಮೇಲಲ್ಲ, ಚೂರು ಬಲಕ್ಕೆ. ಕೆಳಗೆ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣಬೇಕು, ಎರಡೂವರೆ ಕಂಡರೂ ನಡೆಯುತ್ತದೆ. ಒಂದೇ ಕಂಡರೆ ಚೆಂಡು ಬಲಕ್ಕೆ ಬಾಗಿ ಹೋಗುತ್ತದೆ ಅಂತ ಈಗಲೇ ಹೇಳಿಬಿಡಬಹುದು.

ಬಲಗೈಯೂ ಬೆರಳಲ್ಲೇ. ಬಲ ಅಂಗೈಯ ಆಯುಷ್ಯರೇಖೆ ಎಡ ಹೆಬ್ಬೆರಳ ಮೇಲೆ ಸರಿಯಾಗಿ ಕವಿದುಕೊಳ್ಳಬೇಕು. ಇನ್ನು ಬಲ ಕಿರುಬೆರಳ ಪ್ರಶ್ನೆ: ಎಡಗೈ ಬೆರಳುಗಳ ಸಂದಿಯ ಮೇಲೆ ಒರಗಿಸುವುದು ಒಂದು, ಎಡ ತೋರುಬೆರಳಿಗೆ ಹೆಣೆಯುವುದು ಇನ್ನೊಂದು, ಹತ್ತೂ ಬೆರಳು ಹಿಡಿಯ ಮೇಲೇ ಇಡುವುದು ಮೂರನೆಯದು. ಕೈ ಚಿಕ್ಕದಿದ್ದರೆ ಹೆಣೆಯಿರಿ. ಅದರಿಂದ ಬೆರಳು ನೋಯುತ್ತಿದ್ದರೆ ಹತ್ತು ಬೆರಳು. ಟೈಗರ್ ವುಡ್ಸ್ ಹೆಣೆಯುತ್ತಾರೆ, ಹಾಗಾಗಿ ಅದು ಕೀಳು ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ.

ಎಷ್ಟು ಬಿಗಿ? ಮಗುವಿನ ಕೈ ಹಿಡಿದು ರಸ್ತೆ ದಾಟುವಾಗ ಎಷ್ಟು ಬಿಗಿ ಹಿಡಿಯುತ್ತೀರೋ ಅಷ್ಟು. ಜಾರಬಾರದು, ಮಗು ಅಳಬಾರದು. ಹತ್ತು ಪಾಠ ಆದಮೇಲೆ ಗ್ಲವ್ ಬಿಚ್ಚಿ ನೋಡಿ. ಅಂಗೈ ದಿಂಡಿನ ಹತ್ತಿರ ತೂತು ಬಿದ್ದಿದ್ದರೆ ಕ್ಲಬ್ ಅಂಗೈಗೆ ಏರಿ ಉಜ್ಜುತ್ತಿದೆ ಅಂತ ಅರ್ಥ. ನೀವು ಸುಳ್ಳು ಹೇಳಬಹುದು, ಗ್ಲವ್ ಹೇಳುವುದಿಲ್ಲ.

ಟಿವಿ ನೋಡುವಾಗ ಒಂದು ಕ್ಲಬ್ ಪಕ್ಕದಲ್ಲಿಟ್ಟುಕೊಳ್ಳಿ. ದಿನಕ್ಕೆ ಇಪ್ಪತ್ತು ಸಲ ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ. ಬೀಸಬೇಡಿ, ಟಿವಿಗೆ ಒಳ್ಳೆಯದಲ್ಲ. ಬೆರಳಿನ ಅಚ್ಚು ಮೂಡಿರುವ ರಬ್ಬರ್ ಹಿಡಿ ಅಂತ ಒಂದು ಬರುತ್ತದೆ, ಬೆರಳು ತಾನೇ ಜಾಗಕ್ಕೆ ಕೂರುತ್ತದೆ. ಮನೆ ಅಭ್ಯಾಸಕ್ಕೆ ಮಾತ್ರ ಅದು ಸರಿ. ಅಂಥ ಹಿಡಿ ಇರುವ ಕ್ಲಬ್ ಹಿಡಿದು ಸ್ಪರ್ಧೆಯಲ್ಲಿ ಆಡಲು ನಿಯಮ ಬಿಡುವುದಿಲ್ಲ.

ಹೆಜ್ಜೆ 5: ಸೊಂಟದಿಂದ ಸೊಂಟದವರೆಗೆ

ನಿಲ್ಲುವುದು ಹೇಗೆ ಅಂತ ಕೋಚ್ ತೋರಿಸುತ್ತಾರೆ. ಒಂದನ್ನು ಮಾತ್ರ ಗಂಡಸು ಕೋಚ್‌ಗಳು ಹೇಳಲು ಸಂಕೋಚಪಡುತ್ತಾರೆ, ನಾನು ಹೇಳುತ್ತೇನೆ. ಎದೆ ಅಡ್ಡ ಬರುತ್ತದೆ, ಕೈ ಎಲ್ಲಿಡಬೇಕು ಅಂತ ಬಹಳ ಹೆಂಗಸರು ಒಳಗೊಳಗೇ ಒದ್ದಾಡುತ್ತಾರೆ. ಬೆನ್ನು ಗೂನು ಮಾಡದೆ ಸೊಂಟದ ಕೀಲಿನಿಂದ ಇನ್ನೂ ಸ್ವಲ್ಪ ಮುಂದಕ್ಕೆ ಬಾಗಿ, ಕೈ ಭುಜದಿಂದ ನೇರ ಕೆಳಗೆ ಜೋತುಬೀಳುವಷ್ಟು. ಆಗ ಕೈಗೆ ಜಾಗ ಸಿಗುತ್ತದೆ.

9 ಐರನ್ ತಗೊಂಡು, ಚೆಂಡನ್ನು ಗಿಡ್ಡ ಟೀ (ಚೆಂಡು ಕೂರಿಸುವ ಪುಟ್ಟ ಗೂಟ) ಮೇಲಿಟ್ಟು, ಕೈ ಸೊಂಟದ ಎತ್ತರಕ್ಕೆ ಹೋಗುವಷ್ಟೇ ಹಿಂದೆ, ಅಷ್ಟೇ ಮುಂದೆ ಬೀಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಚೆಂಡನ್ನು ಎತ್ತಲು ಹೋಗುವುದು. ನೆಲದ ಮೇಲಿರುವ ಚೆಂಡು ಗಾಳಿಗೆ ಏರಬೇಕಾದರೆ ಕೆಳಗಿನಿಂದ ಎತ್ತಬೇಕು ಅಂತ ಮನಸ್ಸು ಹೇಳುತ್ತದೆ. ಮೈಭಾರ ಹಿಂಗಾಲಿಗೆ ಹೋಗುತ್ತದೆ, ಕ್ಲಬ್ ಚೆಂಡಿನ ಹಿಂದಿನ ನೆಲಕ್ಕೆ ಬಡಿಯುತ್ತದೆ, ಇಲ್ಲವೇ ಚೆಂಡಿನ ನೆತ್ತಿ ಸವರುತ್ತದೆ. ಆಗಲೇ ಹಿಂದಿನಿಂದ ಕೂಗು ಬರುವುದು, "ತಲೆ ಎತ್ತಿದೆ!" ತಲೆ ಎತ್ತಿದ್ದು ರೋಗವಲ್ಲ, ಚೆಂಡನ್ನು ಎತ್ತಲು ಹೋಗಿದ್ದರ ಲಕ್ಷಣ. ಕ್ಲಬ್ಬಿನ ಮುಖ ಓರೆಯಾಗಿರುವುದೇ ಚೆಂಡನ್ನು ಏರಿಸಲು. ಐರನ್ ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗಬೇಕು. ಚೆಂಡಿನಿಂದ ಒಂದು ಗೇಣು ಹಿಂದೆ ಟವೆಲ್ ಮಡಿಸಿಟ್ಟು, ಅದಕ್ಕೆ ತಾಗದಂತೆ ಹೊಡೆಯಿರಿ. ಇಡೀ ಪಾಠ ಅದರಲ್ಲೇ ಇದೆ.

ರೇಂಜಿನ ಪ್ಲಾಸ್ಟಿಕ್ ಮ್ಯಾಟ್ ಮೋಸಗಾರ ಅಂತ ತಿಳಿದಿರಲಿ. ಹಿಂದೆ ಬಡಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿ ಚೆಂಡಿಗೆ ತಾಗುತ್ತದೆ, ಚೆನ್ನಾಗಿ ಹೊಡೆದೆ ಅನ್ನಿಸುತ್ತದೆ. ಹುಲ್ಲು ಸಿಕ್ಕರೆ ಹುಲ್ಲಿನ ಮೇಲೇ ಕಲಿಯಿರಿ. ಚೆಂಡು ಸತತವಾಗಿ ಏಳಲು ಶುರುವಾದ ಮೇಲೆ ಭುಜದವರೆಗೆ ಬೀಸಿ, 7 ಐರನ್‌ಗೆ ಹೋಗಿ. ಡ್ರೈವರ್ ಕೊನೆಗೆ.

ಹೆಜ್ಜೆ 6: ಪಾಠ ಮತ್ತು ಪಾಠದ ನಡುವೆ

ಎರಡು ಸಲ ಅಭ್ಯಾಸ, ಸಲಕ್ಕೆ 40-50 ಚೆಂಡು. ನೂರು ಚೆಂಡಿನ ಬುಟ್ಟಿ ಬೇಡ, ಕೊನೆಯ ಐವತ್ತು ಸುಸ್ತಿನಲ್ಲಿ ಹೊಡೆದು ತಪ್ಪನ್ನೇ ಗಟ್ಟಿಮಾಡಿಕೊಳ್ಳುತ್ತೀರಿ. ಪಾಠದ ನಂತರ ಕೋಚ್ ಹೇಳಿದ್ದನ್ನು ಒಂದು ಸಾಲು ಬರೆದಿಡಿ. ಆ ವಾರ ಅದು ಬಿಟ್ಟು ಬೇರೆ ವಿಡಿಯೋ ನೋಡಬೇಡಿ. ಇದನ್ನು ಯಾರೂ ಪಾಲಿಸುವುದಿಲ್ಲ, ನಾನೂ ಪಾಲಿಸಿಲ್ಲ.

ಹೆಜ್ಜೆ 7: ಕೋರ್ಸಿಗೆ ಇಳಿಯುವುದು

ಆರೇಳು ಪಾಠ ಆದಮೇಲೆ, ಜನ ಕಡಿಮೆ ಇರುವ ಹೊತ್ತಿನಲ್ಲಿ, 9 ಹೋಲ್. ಎಲ್ಲಕ್ಕಿಂತ ಮುಂದಿರುವ ಟೀಯಿಂದ ಆಡಿ (ಪ್ರತಿ ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗಕ್ಕೂ ಟೀ ಅಂತಾರೆ). ಅದನ್ನು 'ಲೇಡೀಸ್ ಟೀ' ಅನ್ನುವುದನ್ನು ಬಿಡಬೇಕು, ಹೊಸದಾಗಿ ಕಲಿಯುವ ಗಂಡಸರೂ ಅಲ್ಲಿಂದಲೇ ಆಡಬೇಕು. ಸ್ಕೋರ್ ಬರೆಯಬೇಡಿ. ಒಂದು ಹೋಲಿನಲ್ಲಿ ಹತ್ತು ಹೊಡೆತ ದಾಟಿದರೆ ಚೆಂಡು ಎತ್ತಿಕೊಂಡು ಗ್ರೀನಿಗೆ ಹೋಗಿ, ಅಲ್ಲಿ ಪಟ್ ಮಾಡಿ.

ಹೊಸಬರಿಗೆ ಭಯ ಇರುವುದು ಕೆಟ್ಟದಾಗಿ ಆಡಿದರೆ ಜನ ನಗುತ್ತಾರೆ ಅಂತ. ನಗುವುದಿಲ್ಲ. ನಿಧಾನ ಮಾಡಿದರೆ ಮಾತ್ರ ಗೊಣಗುತ್ತಾರೆ. ನಿಮ್ಮ ಸರದಿ ಬಂದ 40 ಸೆಕೆಂಡಿನಲ್ಲಿ ಹೊಡೆಯಿರಿ. ಕಳೆದ ಚೆಂಡು ಹುಡುಕಲು 2019ರಿಂದ ನಿಯಮ ಕೊಡುವುದು 3 ನಿಮಿಷ, ನೀವು ಒಂದೇ ನಿಮಿಷ ಹುಡುಕಿ. ಹಳೇ ಚೆಂಡೇ ತಗೊಂಡು ಹೋದರೆ ಕಳೆದರೂ ಹೊಟ್ಟೆ ಉರಿಯುವುದಿಲ್ಲ. ಪಟ್ ಮಾಡುವಾಗ ಬಾವುಟದ ಕೋಲು ಹೋಲಿನಲ್ಲೇ ಇರಬಹುದು, ತೆಗೆದು ಇಡುವ ಗೋಜು ಬೇಡ. ಬೇರೆಯವರ ಚೆಂಡಿಗೂ ಹೋಲಿಗೂ ನಡುವಿನ ದಾರಿ ತುಳಿಯಬೇಡಿ, ದಾಟಿ ಹೋಗಿ.

ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ) ಚೆನ್ನಾಗಿ ಆಡುವವರಿಗೆ ಮಾತ್ರ ಅಂತ ತಿಳಿದವರಿದ್ದಾರೆ. 2020ರಲ್ಲಿ ಬಂದ ಜಾಗತಿಕ ಪದ್ಧತಿಯಲ್ಲಿ ಹೆಂಗಸರಿಗೂ ಗಂಡಸರಿಗೂ ಮಿತಿ ಒಂದೇ, 54. ಅಂದರೆ ಹೆಚ್ಚುಕಡಿಮೆ ಹೋಲಿಗೆ ಮೂರು ಹೊಡೆತ ರಿಯಾಯಿತಿ. ಮೂರು ತಿಂಗಳು ಆಡಿದವರು ಅದಕ್ಕೆ ಅರ್ಜಿ ಹಾಕಲು ನಾಚಬೇಕಿಲ್ಲ. ಅಷ್ಟು ಹೊತ್ತಿಗೆ ಡ್ರೈವರ್ ಕೂಡ ಕೈಗೆ ಬಂದಿರುತ್ತದೆ. ಹಿಂದೆ ನಿಂತು ಕೂಗುವವರು ಇನ್ನೂ ಅಲ್ಲೇ ಇದ್ದರೆ, ಪಟಿಂಗ್ ಗ್ರೀನಿಗೆ ಕರೆದುಕೊಂಡು ಹೋಗಿ ಮೂರು ಅಡಿಯಿಂದ ಹತ್ತು ಚೆಂಡು ಹಾಕಿಸಿ ನೋಡಿ.