ಉಪಗ್ರಹಕ್ಕೆ ದಿನಚರಿ ಬರೆದುಕೊಡುವುದು ಹೇಗೆ?

ಬೆಳಗಾವಿ, ಬಾಗಲಕೋಟೆ ಕಡೆಯ ಎಂಜಿನಿಯರಿಂಗ್ ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ಈಗ ಕೃತಕ ಬುದ್ಧಿಮತ್ತೆಯಿಂದ ಓಡುವ ಉಪಗ್ರಹಗಳದ್ದೇ ಹವಾ. ಭಿತ್ತಿಪತ್ರ ಅಂದವಾಗಿರುತ್ತದೆ. ಒಳಗಿನ ಯೋಜನೆ ಓದಿದರೆ ಉಪಗ್ರಹ ಏಕಕಾಲಕ್ಕೆ ಹಿಡಕಲ್ ಜಲಾಶಯವನ್ನೂ ಆಲಮಟ್ಟಿಯನ್ನೂ ನೋಡುತ್ತಿರುತ್ತದೆ! ತಪ್ಪು ಪ್ಲ್ಯಾನರ್‌ನದ್ದಲ್ಲ (ಯಾವ ಕೆಲಸ ಯಾವಾಗ ಎಂದು ಯೋಜನೆ ಹೆಣೆಯುವ ತಂತ್ರಾಂಶ), ಅದಕ್ಕೆ ನಿಯಮ ಬರೆದುಕೊಟ್ಟವರದ್ದು.

ಮೊದಲು ಗುರಿ ಸಣ್ಣದಿರಲಿ. ಹಿಡಕಲ್, ನವಿಲುತೀರ್ಥ, ಆಲಮಟ್ಟಿ ಜಲಾಶಯಗಳ ಚಿತ್ರ ತೆಗೆದು ಬೆಂಗಳೂರಿನ ಭೂಕೇಂದ್ರಕ್ಕೆ ಇಳಿಸಿದರೆ ಸಾಕು.

ಭಾಷೆ ಪಿಡಿಡಿಎಲ್, ಅಂದರೆ ಪ್ಲ್ಯಾನರ್‌ಗೆ ಕ್ರಿಯೆ, ಗುರಿಗಳನ್ನು ಬರೆದುಕೊಡುವ ಭಾಷೆ. 2002ರ ಅಂತರರಾಷ್ಟ್ರೀಯ ಯೋಜನಾ ಸ್ಪರ್ಧೆಯ ‘ಸ್ಯಾಟಲೈಟ್’ ಮಾದರಿಯನ್ನು ಇಳಿಸಿಕೊಂಡು ತಿದ್ದಿಕೊಳ್ಳಿ. ಪ್ಲ್ಯಾನರ್ ಆಗಿ ಫಾಸ್ಟ್ ಡೌನ್‌ವರ್ಡ್ ಬೇಡ. ಅವಧಿಯುಳ್ಳ, ಅಂದರೆ ಮುಗಿಯಲು ಇಂತಿಷ್ಟು ಹೊತ್ತು ಹಿಡಿಯುವ ಕ್ರಿಯೆಗಳು ಅದಕ್ಕೆ ತಿಳಿಯುವುದಿಲ್ಲ. ಅವು ತಿಳಿಯುವ ಆಪ್ಟಿಕ್ ಪ್ಲ್ಯಾನರ್ ಹಾಕಿಕೊಳ್ಳಿ.

ಎಡವುವುದು ಕ್ರಿಯೆಗಳನ್ನು ಬರೆಯುವಾಗ. ಪ್ರತಿ ಷರತ್ತು ಆರಂಭದಲ್ಲಿ ಬೇಕೋ, ಉದ್ದಕ್ಕೂ ಬೇಕೋ, ಕೊನೆಯಲ್ಲಿ ಬೇಕೋ ಎಂದು ಹೇಳಲೇಬೇಕು. ‘ತಿರುಗು’ ಕ್ರಿಯೆಯಲ್ಲಿ ಹಿಡಕಲ್ ಕಡೆಗಿನ ನೋಟ ಆರಂಭದಲ್ಲೇ ಸುಳ್ಳಾಗಬೇಕು, ಆಲಮಟ್ಟಿ ಕಡೆಗಿನದು ಕೊನೆಯಲ್ಲಿ ನಿಜವಾಗಬೇಕು. ಬಹುತೇಕರು ಮೊದಲನೆಯದನ್ನು ಬರೆಯುವುದೇ ಇಲ್ಲ. ‘ಚಿತ್ರ ತೆಗೆ’ ಕ್ರಿಯೆಯಲ್ಲಿ ಗುರಿಯತ್ತ ನೋಟ ಉದ್ದಕ್ಕೂ ಇರಬೇಕು, ಇಲ್ಲವಾದರೆ ಅರ್ಧ ಚಿತ್ರಕ್ಕೇ ಉಪಗ್ರಹ ಮುಖ ತಿರುಗಿಸಬಹುದು. ನೀವು ಬಿಟ್ಟ ಪ್ರತಿ ಕಿಂಡಿಯಲ್ಲೂ ಪ್ಲ್ಯಾನರ್ ನುಸುಳುತ್ತದೆ.

ಮೆಮೊರಿಯ ಲೆಕ್ಕ ಕಿರಾಣಿ ಅಂಗಡಿಯ ಖಾತೆಯಂತಿರಲಿ: ಖರ್ಚು ಕೂಡಲೇ ಬರೆಯಿರಿ, ಜಮೆಯನ್ನು ಕೈಗೆ ಬಂದ ಮೇಲೆ. ಅಂದರೆ ಚಿತ್ರಕ್ಕೆ ಬೇಕಾದ ಜಾಗವನ್ನು ಆರಂಭದಲ್ಲೇ ಕಳೆಯಿರಿ. ಭೂಕೇಂದ್ರಕ್ಕೆ ಇಳಿಸಿದ ಚಿತ್ರದ ಜಾಗವನ್ನು ಇಳಿಕೆ ಮುಗಿದ ಮೇಲೆ ಕೂಡಿಸಿ. ಕೊನೆಯಲ್ಲಿ ಕಳೆದರೆ, ಒಂದೇ ಚಿತ್ರಕ್ಕೆ ಜಾಗವಿದ್ದರೂ ಎರಡು ಕ್ಯಾಮೆರಾಗಳು ಒಟ್ಟಿಗೆ ಶುರುವಾಗುತ್ತವೆ. ಬ್ಯಾಟರಿಗೂ ಇದೇ ನಿಯಮ. ಚಾರ್ಜ್ ಆಗುವಷ್ಟು ಹೊತ್ತೂ ಬಿಸಿಲಿರಬೇಕು ಎಂಬುದನ್ನು ಸೇರಿಸಿ. ಮೂಲ ಮಾದರಿಯಲ್ಲಿ ಉಪಕರಣ ಆನ್ ಮಾಡಿದೊಡನೆ ಅದರ ಹಳೆಯ ಕ್ಯಾಲಿಬ್ರೇಶನ್ (ಅಳತೆ ಸರಿಹೊಂದಿಕೆ) ಅಳಿಸಿಹೋಗುವ ಸಾಲೊಂದಿದೆ. ಅದನ್ನು ಕಿರಿಕಿರಿ ಎಂದು ತೆಗೆದುಹಾಕಬೇಡಿ.

ಇನ್ನು ಸಮಯದ ಕಿಟಕಿಗಳು, ಅಂದರೆ ಗುರಿ ಕ್ಯಾಮೆರಾಗೆ ಕಾಣುವ ಹೊತ್ತುಗಳು. ಕೆಳಕಕ್ಷೆಯ ಉಪಗ್ರಹದ ನೇರ ಕೆಳಗಿನ ಬಿಂದು ನೆಲದ ಮೇಲೆ ಸೆಕೆಂಡಿಗೆ ಸುಮಾರು 7 ಕಿ.ಮೀ. ಓಡುತ್ತದೆ. ನವಿಲುತೀರ್ಥಕ್ಕೂ ಆಲಮಟ್ಟಿಗೂ ಇರುವ ಉತ್ತರ-ದಕ್ಷಿಣ ಅಂತರ 60 ಕಿ.ಮೀ.ಗಿಂತ ಕಡಿಮೆ; ಎಂಟೊಂಬತ್ತು ಸೆಕೆಂಡಿನಲ್ಲಿ ದಾಟಿರುತ್ತದೆ. ಕ್ಯಾಮೆರಾ ತಿರುಗಲು 20 ಸೆಕೆಂಡ್ ಕೊಟ್ಟಿದ್ದರೆ ‘ಯೋಜನೆ ಇಲ್ಲ’ ಎಂಬ ಉತ್ತರ ಬರಬಹುದು. ಆಗ 20 ಅನ್ನು 2 ಮಾಡಿ ಗೆದ್ದೆವೆನ್ನುವವರೇ ಹೆಚ್ಚು. ಹಾಗೆ ಮಾಡದೆ ಮೂರು ಚಿತ್ರಗಳನ್ನೂ ಕಡ್ಡಾಯ ಗುರಿಗಳ ಬದಲು ಆದ್ಯತೆಗಳಾಗಿ ಬರೆಯಿರಿ. ಉಳಿದದ್ದು ಮುಂದಿನ ಸುತ್ತಿಗೆ.

ಬಂದ ಯೋಜನೆಯನ್ನು, ಅದು ನಿಯಮಗಳಿಗೆ ಹೊಂದುತ್ತದೆಯೇ ಎಂದು ನೋಡುವ ವ್ಯಾಲ್ ಪರೀಕ್ಷಕದಲ್ಲಿ ಓಡಿಸಿ. ಚಾಟ್‌ಬಾಟ್ ಬರೆದುಕೊಟ್ಟ ಯೋಜನೆಯಾದರೆ ಎರಡು ಮಾತಿಲ್ಲದೆ ಓಡಿಸಿ. ಪೆನ್‌ಡ್ರೈವ್‌ನಲ್ಲಿ ಮಾರುವ ಸಿದ್ಧ ಪ್ರಾಜೆಕ್ಟ್‌ಗಳನ್ನಂತೂ ಮುಟ್ಟಲೇಬೇಡಿ.

ಕೊನೆಗೆ ಮೋಡ ಕವಿಸಿ ನೋಡಿ. ನಾಸಾದ ಇಒ-1 ಉಪಗ್ರಹದಲ್ಲಿ ಕ್ಯಾಸ್ಪರ್ ಎಂಬ ತಂತ್ರಾಂಶ ಕಕ್ಷೆಯಲ್ಲಿದ್ದುಕೊಂಡೇ ಯೋಜನೆ ತಿದ್ದುತ್ತಿತ್ತು. ನೀವೂ ಒಂದು ಚಿತ್ರ ಕೆಟ್ಟಿತೆಂದುಕೊಂಡು ಆ ಕ್ಷಣದ ಸ್ಥಿತಿಯಿಂದ ಪ್ಲ್ಯಾನರ್ ಅನ್ನು ಮತ್ತೆ ಓಡಿಸಿ. ಓಡಿಸುವ ಮುನ್ನ ಮೆಮೊರಿ, ಬ್ಯಾಟರಿಯ ಅಂಕಿಗಳನ್ನು ಆ ಕ್ಷಣಕ್ಕೆ ತಕ್ಕಂತೆ ಬದಲಿಸಿರಬೇಕು.